ನೋಂಬು, ಇನ್ಸುಲಿನ್ ಮತ್ತು ತೋಳಿನ ಸೆನ್ಸರ್

"ಉಸ್ತಾದರೇ, ಶುಗರ್ ನೋಡುವ ಸೆನ್ಸರ್ ತೋಳಿಗೆ ಅಂಟಿಸಿದ್ರೆ ನೋಂಬು ಮುರೀತದಾ?" ಕಟಪಾಡಿ ಕಡೆ ಈಗ ಇಂಥ ಪ್ರಶ್ನೆ ಬರುತ್ತದೆ. ಮುರಿಯುವುದಿಲ್ಲ. ಬೆರಳು ಚುಚ್ಚಿ ರಕ್ತ ನೋಡಿದರೂ, ಚರ್ಮದಡಿಗೆ ಇನ್ಸುಲಿನ್ ಹಾಕಿಕೊಂಡರೂ ಮುರಿಯುವುದಿಲ್ಲ. ಸೆನ್ಸರ್ ಇರುವುದು ಮೊಣಕೈಗಿಂತ ಮೇಲೆ, ಹಾಗಾಗಿ ವುಝೂವಿಗೂ ಅಡ್ಡಿಯಿಲ್ಲ. ಕಡ್ಡಾಯ ಸ್ನಾನದ ವಿಷಯ ಮಾತ್ರ ನಿಮ್ಮ ಖತೀಬರಲ್ಲಿ ಕೇಳಿಕೊಳ್ಳಿ.

ಸೆನ್ಸರಿನ ಕೂದಲಿನಂಥ ಎಳೆಯೊಂದು ಚರ್ಮದ ಕೆಳಗಿನ ದ್ರವದ ಸಕ್ಕರೆಯನ್ನು ಹಗಲು ರಾತ್ರಿ ಅಳೆದು ಮೊಬೈಲಿನಲ್ಲಿ ತೋರಿಸುತ್ತದೆ. ಬೆರಳು ಚುಚ್ಚಿದರೆ ಆ ಹೊತ್ತಿನ ಸಂಖ್ಯೆ ಮಾತ್ರ ಗೊತ್ತಾಗುತ್ತದೆ. ಇಲ್ಲಿ ಸಕ್ಕರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಬಾಣದ ಗುರುತೂ ಇರುತ್ತದೆ. ಅಸರ್ ಹೊತ್ತಿಗೆ 110 ಎಂದರೆ ಒಳ್ಳೆಯದೇ. ಬಾಣ ಕೆಳಗೆ ತಿರುಗಿದ್ದರೆ ಜಾಗ್ರತೆ ಬೇಕು.

ಇಫ್ತಾರಿನ ಖರ್ಜೂರ, ಶರಬತ್ತು, ಸಮೋಸ, ತರಾವೀಹ್ ಮುಗಿಸಿ ಬಂದು ತಿನ್ನುವ ಪತ್ತಿರ್, ಎಲ್ಲವೂ ಗ್ರಾಫಿನಲ್ಲಿ ಕಾಣುತ್ತದೆ. ಡಾಕ್ಟರಿಗೆ ಬೇಕಾದದ್ದೂ ಅದೇ. ದಿನಕ್ಕೊಮ್ಮೆ ದೀರ್ಘಾವಧಿ ಇನ್ಸುಲಿನ್ ಹಾಕುವವರು ಅದನ್ನು ಇಫ್ತಾರಿಗೆ ಬದಲಿಸಿ, ಪ್ರಮಾಣವನ್ನು ನೂರಕ್ಕೆ 15ರಿಂದ 30ರಷ್ಟು ಇಳಿಸಬೇಕೆಂದು ಅಂತಾರಾಷ್ಟ್ರೀಯ ಡಯಾಬಿಟಿಸ್ ಫೆಡರೇಶನ್‌ನ ರಮಝಾನ್ ಮಾರ್ಗದರ್ಶಿ ಹೇಳುತ್ತದೆ. ಎರಡು ಹೊತ್ತು ಮಿಕ್ಸ್ ಇನ್ಸುಲಿನ್ ಇದ್ದರೆ ಬೆಳಗ್ಗಿನ ಡೋಸ್ ಇಫ್ತಾರಿಗೆ. ಸಂಜೆಯದ್ದು ನೂರಕ್ಕೆ 25ರಿಂದ 50 ಕಡಿಮೆಯಾಗಿ ಸಹರಿಗೆ. ಇದು ಡಾಕ್ಟರು ಲೆಕ್ಕ ಶುರುಮಾಡುವ ಜಾಗ. ಮುಂದಿನದ್ದು ನಿಮ್ಮ ಗ್ರಾಫ್ ನೋಡಿ. ಪಕ್ಕದ ಮನೆಯವರ ಯೂನಿಟ್ ಕೇಳಿ ಹಾಕಿಕೊಳ್ಳಬೇಡಿ.

ಒಂದು ಸೆನ್ಸರಿಗೆ ಸಾವಿರಾರು ರೂಪಾಯಿ, ಬಾಳಿಕೆ ಸಾಮಾನ್ಯವಾಗಿ 14 ದಿನ. ತಿಂಗಳು ತಿಂಗಳು ಎಲ್ಲರಿಂದ ಆಗುವುದಿಲ್ಲ. ಬರಾತ್ ಕಳೆದು ಒಂದು ವಾರದ ಮೇಲೆ ಒಂದನ್ನು ಹಾಕಿಸಿದರೆ ಶಅಬಾನಿನ ಕೊನೆಯ ದಿನಗಳೂ ನೋಂಬಿನ ಮೊದಲ ದಿನಗಳೂ ಅದರಲ್ಲೇ ಸಿಗುತ್ತವೆ. ಆ ಗ್ರಾಫ್ ಹಿಡಿದು ಉಡುಪಿಗೋ ಮಣಿಪಾಲಕ್ಕೋ ಬಸ್ ಹತ್ತಿ.

ಸೆನ್ಸರ್ ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತದೆ. ಆ ಕೈ ಅಡಿಗೆ ಬಿದ್ದು ಮಲಗಿದರೆ ಸುಳ್ಳು ಕಡಿಮೆಯೂ ತೋರಿಸಬಹುದು. ಸಂಶಯ ಬಂದರೆ ಬೆರಳು ಚುಚ್ಚಿ ನೋಡಿ.

ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ನೋಂಬು ಬಿಡಬೇಕು. ಕೈ ನಡುಗಿದರೂ ಮನೆಯವರಿಂದ ಅಡಗಿಸಿ, "ಮಗ್ರಿಬಿಗೆ ಇನ್ನು ಅರ್ಧ ಗಂಟೆ ತಾನೇ" ಎಂದು ಕೂರುವವರು ನಮ್ಮಲ್ಲಿದ್ದಾರೆ. ಕಾಯಿಲೆಯವರಿಗೆ ಕೊಟ್ಟ ರಿಯಾಯಿತಿ ಸೂರಾ ಅಲ್‌ಬಖರದ 184, 185ನೇ ಆಯತುಗಳಲ್ಲೇ ಇದೆ. ಕೆಲವು ಸೆನ್ಸರುಗಳಲ್ಲಿ ಸಕ್ಕರೆ ಇಳಿದರೆ ಅಲಾರಂ ಹೊಡೆಯುತ್ತದೆ. ದುಬೈಯಲ್ಲಿರುವ ಮಗನ ಮೊಬೈಲಿಗೂ ಅದು ತಲುಪುವಂತೆ ಮಾಡಬಹುದು. ಹಾಕಿಸುವಾಗಲೇ ಕೇಳಿ ಮಾಡಿಸಿಕೊಳ್ಳಿ.