ಸಹಾಯಕ ದಾದಿಯರ ತರಬೇತು ಮತ್ತು ಅದರ ಮನ್ನಣೆ: ಒಂದು ಐತಿಹಾಸಿಕ ವಿವೇಚನೆ

ವೈದ್ಯಶಿಕ್ಷಣದ ಇತಿಹಾಸಕ್ಕೆ ದೊರೆತಿರುವಷ್ಟು ಗಮನವು ದಾದಿಯರ, ಅದರಲ್ಲಿಯೂ ಸಹಾಯಕ ದಾದಿಯರ ಶಿಕ್ಷಣದ ಇತಿಹಾಸಕ್ಕೆ ದೊರೆತಿಲ್ಲ. ಇವರಿಗೆ ಏನನ್ನು, ಎಷ್ಟು ಕಾಲ ಕಲಿಸಬೇಕು? ಕಲಿಸುವ ಸಂಸ್ಥೆಯ ಯೋಗ್ಯತೆಯನ್ನು ನಿರ್ಣಯಿಸತಕ್ಕವರು ಯಾರು? ಈ ಎರಡು ಪ್ರಶ್ನೆಗಳನ್ನು ಭಾರತದ ಅನುಭವದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸ್ವಾತಂತ್ರ್ಯಪೂರ್ವದಲ್ಲಿ ದಾದಿಯರ ನೋಂದಣಿಯು ಪ್ರಾಂತಗಳಿಗೆ ಸೇರಿದ ವಿಷಯವಾಗಿತ್ತು. ಮದರಾಸು ಪ್ರಾಂತದಲ್ಲಿ 1926ರಲ್ಲಿಯೂ ಮುಂಬಯಿ ಪ್ರಾಂತದಲ್ಲಿ 1935ರಲ್ಲಿಯೂ ಇದಕ್ಕಾಗಿ ಶಾಸನಗಳು ರಚಿತವಾದುವು. ಕನ್ನಡನಾಡನ್ನೇ ನಿದರ್ಶನವಾಗಿ ನೋಡಬಹುದು. ಆಗ ಮಂಗಳೂರು, ಬಳ್ಳಾರಿಗಳು ಮದರಾಸಿನ ಶಾಸನಕ್ಕೂ, ಧಾರವಾಡ, ಬೆಳಗಾವಿಗಳು ಮುಂಬಯಿಯ ಶಾಸನಕ್ಕೂ ಒಳಪಟ್ಟಿದ್ದುವು. ಒಂದೇ ಭಾಷೆಯ ರೋಗಿಗಳನ್ನು ಉಪಚರಿಸುವ ದಾದಿಯರ ಹೆಸರುಗಳು ಬೇರೆ ಬೇರೆ ಪಟ್ಟಿಗಳಲ್ಲಿದ್ದುವು. ಏಕೀಕರಣದ ತರುವಾಯ, 1961ರಲ್ಲಿ, ಮೈಸೂರು ರಾಜ್ಯಕ್ಕೆ ಈ ವಿಷಯದಲ್ಲಿ ತನ್ನದೇ ಶಾಸನವು ದೊರೆಯಿತು.

ದೇಶಕ್ಕೆಲ್ಲ ಏಕರೂಪದ ತರಬೇತನ್ನು ಏರ್ಪಡಿಸುವ ಉದ್ದೇಶದಿಂದ 1947ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ ಶಾಸನವು ಜಾರಿಗೆ ಬಂದಿತು. ಇದರ ರಚನೆಯು ಗಮನಾರ್ಹವಾದುದು. ಕೌನ್ಸಿಲ್ ಮನ್ನಿಸಿದ ಅರ್ಹತೆಯನ್ನು ಪಡೆದವರು ಯಾವ ರಾಜ್ಯದಲ್ಲಿ ಬೇಕಾದರೂ ನೋಂದಾಯಿಸಿಕೊಳ್ಳಬಹುದು. ಸಂಸ್ಥೆಗಳನ್ನೂ ಪರೀಕ್ಷೆಗಳನ್ನೂ ನೋಡಿಬರಲು ಕೌನ್ಸಿಲ್ ತನಿಖೆಗಾರರನ್ನು ಕಳುಹಿಸಬಹುದು. ಬೋಧಕವರ್ಗ, ಉಪಕರಣ, ವಸತಿ, ಪಾಠಕ್ರಮ ಇವುಗಳಲ್ಲಿ ಕೊರತೆ ಕಂಡುಬಂದಲ್ಲಿ, ಸಮಜಾಯಿಷಿಯನ್ನು ಕೇಳಿದ ಬಳಿಕ ಮನ್ನಣೆಯನ್ನು ಹಿಂತೆಗೆದುಕೊಳ್ಳಬಹುದು. ಆದ್ದರಿಂದ ಮನ್ನಣೆಯೆಂಬುದು ಒಮ್ಮೆ ದೊರೆತರೆ ಎಂದೆಂದಿಗೂ ಉಳಿಯುವ ಬಿರುದಲ್ಲ. ಅದನ್ನು ಸಂಸ್ಥೆಯು ಕಾಪಾಡಿಕೊಂಡು ಬರತಕ್ಕದ್ದು.

ಆದರೆ ಮಟ್ಟದ ಪ್ರಶ್ನೆಯ ಬೆನ್ನಿಗೇ ಸಂಖ್ಯೆಯ ಪ್ರಶ್ನೆಯೂ ಇದ್ದಿತು. ಭೋರ್ ಸಮಿತಿಯ 1946ರ ವರದಿಯ ಪ್ರಕಾರ ದೇಶದಲ್ಲಿದ್ದ ದಾದಿಯರು ಸುಮಾರು 7,000 ಮಂದಿ. ಎಂದರೆ 43,000 ಜನರಿಗೆ ಒಬ್ಬರು. ಪೂರ್ಣ ತರಬೇತು ಪಡೆದವರಿಂದಲೇ ಈ ಕೊರತೆಯನ್ನು ಬೇಗನೆ ತುಂಬುವುದು ಅಸಾಧ್ಯವಾಗಿತ್ತು. ಆಗ ಹುಟ್ಟಿಕೊಂಡುದು ಎ.ಎನ್.ಎಂ. ಎಂದು ಹೆಸರಾದ ಸಹಾಯಕ ದಾದಿ-ಸೂಲಗಿತ್ತಿಯರ ವರ್ಗ. ಇವರ ತರಬೇತು 1951ರಲ್ಲಿ ಪಂಜಾಬಿನ ತರನ್ ತಾರನ್‌ನಲ್ಲಿ ಮೊದಲಾಯಿತು. ಅವಧಿ ಎರಡು ವರ್ಷ. ಹೆರಿಗೆ ಮತ್ತು ತಾಯಿಮಕ್ಕಳ ಆರೈಕೆಯೇ ಅದರ ಜೀವಾಳ.

ಮುಂದೆ 1973ರಲ್ಲಿ ಕರ್ತಾರ್ ಸಿಂಗ್ ಸಮಿತಿಯು ಇವರನ್ನು ಬಹೂದ್ದೇಶ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡುವಂತೆ ಸಲಹೆಯಿತ್ತಿತು. 1977ರ ಪರಿಷ್ಕರಣೆಯಲ್ಲಿ ತರಬೇತಿನ ಅವಧಿಯು 18 ತಿಂಗಳಿಗೆ ಇಳಿಯಿತು. ಕುಟುಂಬ ಯೋಜನೆ, ಚುಚ್ಚುಮದ್ದು, ರೋಗನಿಯಂತ್ರಣ, ಲೆಕ್ಕಪತ್ರ ಎಲ್ಲವೂ ಒಬ್ಬಳ ಹೆಗಲಿಗೆ ಬಂದುವು. ಕೆಲಸ ಹೆಚ್ಚಿತು, ಕಲಿಯುವ ಕಾಲ ಕುಗ್ಗಿತು. ಸೂಲಗಿತ್ತಿಯ ವಿದ್ಯೆಯಾದರೋ ಕೈಯಿಂದ ಕಲಿಯತಕ್ಕದ್ದು. ಅನುಭವಿಯ ಕಣ್ಣೆದುರಿನಲ್ಲಿ ಹಲವು ಹೆರಿಗೆಗಳನ್ನು ಮಾಡಿಸದೆ ಅದು ಸಿದ್ಧಿಸದು. ಪ್ರಮಾಣಪತ್ರದ ಹೆಸರು ಉಳಿದರೂ ಅದರ ಹಿಂದಿನ ಕೌಶಲವು ಸವೆಯಬಹುದೆಂಬುದಕ್ಕೆ ಇದೊಂದು ಪಾಠ. 2012ರ ಪಠ್ಯಕ್ರಮವು ಅವಧಿಯನ್ನು ಪುನಃ ಎರಡು ವರ್ಷಕ್ಕೆ ಏರಿಸಿ, ಕೊನೆಯ ಆರು ತಿಂಗಳನ್ನು ಪ್ರಾಯೋಗಿಕ ಸೇವೆಗೆ ಮೀಸಲಿಟ್ಟುದು ಈ ದೃಷ್ಟಿಯಿಂದ ಅರ್ಥಪೂರ್ಣ.

ಈ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಪೂರಕ ಆರೋಗ್ಯವೃತ್ತಿಗಳನ್ನು ಕುರಿತ 2021ರ ಶಾಸನವು ಪೂರಕ ಆರೋಗ್ಯವೃತ್ತಿಯವರಿಗೆ ಕನಿಷ್ಠ 2,000 ಗಂಟೆಗಳ ಶಿಕ್ಷಣವನ್ನು ವಿಧಿಸಿದೆ. ಮಟ್ಟವನ್ನು ಹೀಗೆ ನಿಗದಿಪಡಿಸಿದುದು ಯುಕ್ತವೇ. ಆದರೆ ರೋಗಿಯನ್ನು ಎತ್ತಿ ಕೂರಿಸುವ, ಮೈತೊಳೆಯುವ, ಉಣಿಸುವ ಆಯಾಗಳೂ ವಾರ್ಡ್ ಬಾಯ್‌ಗಳೂ ಅನೇಕ ವೇಳೆ ಕೆಲವೇ ತಿಂಗಳ ತರಬೇತು ಪಡೆದವರು, ಇಲ್ಲವೆ ಕೆಲಸ ಮಾಡುತ್ತಲೇ ಕಲಿತವರು. ಅಂಥವರು ಈ ಮಿತಿಯ ಹೊರಗೇ ಉಳಿಯುತ್ತಾರೆ. ಹಾಸಿಗೆ ಹಿಡಿದವನನ್ನು ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಆ ನೋವಿಗೆ ನೋಂದಣಿಯ ಭೇದ ತಿಳಿಯದು.

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಜನರ ಅಗತ್ಯವು ಅವಸರಪಡಿಸಿದಾಗ ಮೊದಲು ಮೊಟಕಾಗುವುದು ಕಲಿಕೆಯ ಕಾಲ. ಮಟ್ಟವನ್ನು ಬಿಗಿಗೊಳಿಸಿದಾಗ ಮೊದಲು ಹೊರಗುಳಿಯುವವರು ಕೆಳಗಿನ ಮೆಟ್ಟಿಲಿನವರು. ಇವೆರಡನ್ನೂ ತಪ್ಪಿಸಬೇಕಾದರೆ ಕಿರಿಯ ಸಹಾಯಕರಿಗೂ ಅವರ ಕೆಲಸಕ್ಕೆ ತಕ್ಕ ಪಾಠಕ್ರಮ, ತನಿಖೆ, ಮೇಲೇರುವ ದಾರಿ ಇವು ದೊರೆಯತಕ್ಕದ್ದು. ಮನ್ನಣೆಯು ವಿದ್ಯಾರ್ಥಿಗೆ ಜೀವನೋಪಾಯ, ರೋಗಿಗೆ ಅಭಯ. ಈ ಎರಡನ್ನೂ ಅದು ಕೊಡಬಲ್ಲುದಾದರೆ ಮಾತ್ರ ಸಾರ್ಥಕವೆನ್ನಬಹುದು.