ಕಾದ ಚಕ್ರ ಹೇಳುವ ಲೆಕ್ಕ

ಹುಲಿಕಲ್ ಘಾಟಿಯನ್ನು ಇಳಿದು, ಹೊಸಂಗಡಿ, ಸಿದ್ದಾಪುರ ಮಾರ್ಗವಾಗಿ ಶಂಕರನಾರಾಯಣದತ್ತ ಬರುವ ಸರಕು ವಾಹನಗಳ ಮಾಲೀಕರಿಗೆ ಬ್ರೇಕ್ ಸುಟ್ಟ ವಾಸನೆ ಅಪರಿಚಿತವಲ್ಲ. ಟೈರನ್ನು ದೂರುವ ಮೊದಲು ಕಾರಣವನ್ನು ಪರೀಕ್ಷಿಸುವುದು ಲೇಸು.

ವಾಹನವನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಚಕ್ರಗಳನ್ನು ಮುಟ್ಟದೆ, ಅಂಗೈಯನ್ನು ಸಮೀಪ ಹಿಡಿದು ಕಾವನ್ನು ಹೋಲಿಸಬೇಕು. ಎಲ್ಲವೂ ಸಮನಾಗಿ ಕಾದಿದ್ದರೆ, ಕೆಳಗಿನ ಗೇರಿನಲ್ಲಿ ಇಳಿಯದೆ ಬ್ರೇಕನ್ನೇ ನೆಚ್ಚಿದ್ದು ಅಥವಾ ಅತಿಭಾರ ಕಾರಣವಿರಬಹುದು. ಒಂದೇ ಚಕ್ರ ಕಾದಿದ್ದರೆ ಅದರ ಬ್ರೇಕ್ ಬಿಡದೆ ಹಿಡಿದಿರಬಹುದು, ಇಲ್ಲವೆ ಬೇರಿಂಗ್ ಕೆಟ್ಟಿರಬಹುದು. ಡ್ರಮ್ ತಣ್ಣಗಿದ್ದು ಟೈರ್ ಮಾತ್ರ ಕಾದಿದ್ದರೆ ಗಾಳಿಯ ಕೊರತೆಯನ್ನು ಶಂಕಿಸಬೇಕು. ಕಾದ ಡ್ರಮ್ಮಿಗೆ ನೀರೆರಚಿದರೆ ಅದು ಬಿರುಕು ಬಿಡಬಹುದು. ಕಾದ ಟೈರಿನ ಗಾಳಿಯನ್ನೂ ಇಳಿಸಬಾರದು.

ಟೈರ್ ಖರ್ಚನ್ನು ವಾಹನವಾರು ಮಾತ್ರವಲ್ಲದೆ ಚಕ್ರವಾರು ಬರೆದಿಡಿರಿ. ಒಂದೇ ಚಕ್ರದ ಖರ್ಚು ಮರುಕಳಿಸಿದರೆ ದೋಷ ಲೆಕ್ಕದ ಪುಸ್ತಕದಲ್ಲಿಯೇ ಗೋಚರಿಸುತ್ತದೆ. ಅದನ್ನು ಸಕಾಲದಲ್ಲಿ ಸರಿಪಡಿಸಿದರೆ ಉಳಿಯುವುದು ಹಣವಷ್ಟೇ ಅಲ್ಲ, ಚಾಲಕನ ಜೀವವೂ ಹೌದು.