ಹೂಡಿದರೂ ಬಿಡದ ಬಾಣ

ಒಂದು ಶಸ್ತ್ರದ ಯೋಗ್ಯತೆಯನ್ನು ಅದು ಗೆದ್ದುಕೊಟ್ಟ ಯುದ್ಧಗಳಿಂದ ಅಳೆಯುವುದು ಲೋಕದ ವಾಡಿಕೆ. ಆದರೆ ಮೂವತ್ತು ವರ್ಷಗಳಿಗೂ ಮಿಕ್ಕಿ ಕಾವಲು ಕಾಯ್ದು, ಶತ್ರುವಿನ ಮೇಲೆ ಒಮ್ಮೆಯೂ ಪ್ರಯೋಗವಾಗದೆ ನಿವೃತ್ತಿ ಹೊಂದಿದ ಶಸ್ತ್ರವೊಂದುಂಟು. ಅದೇ ಬ್ರಿಟನ್ನಿನ ವಾಯುಪಡೆಯ ‘ಬ್ಲಡ್‌ಹೌಂಡ್’ ಎಂಬ ವಿಮಾನವಿರೋಧಿ ಕ್ಷಿಪಣಿ. ೧೯೫೮ರಲ್ಲಿ ಸೇವೆಗೆ ಸೇರಿದ ಅದು ಬ್ರಿಟನ್ನಿನಲ್ಲಿ ೧೯೯೧ರವರೆಗೂ ಇತ್ತು. ಅದರ ಕೆಲವು ದಳಗಳು ಜರ್ಮನಿ, ಸೈಪ್ರಸ್, ಮಲೇಷ್ಯ, ಸಿಂಗಪುರಗಳಲ್ಲಿಯೂ ನೆಲೆಸಿದ್ದವು. ಅಲ್ಲಿ ದುಡಿದವರ ನೆನಪುಗಳಲ್ಲಿ ಆ ಕ್ಷಿಪಣಿ ಗೆದ್ದ ಕಾಳಗದ ವರ್ಣನೆಗೆ ಎಡೆಯೇ ಇಲ್ಲ. ಕಾಯುವಿಕೆ, ಪರೀಕ್ಷೆ, ಅಭ್ಯಾಸ ಇವೇ ಅವರ ಸೇವೆಯ ಕಥೆ. ಆ ಕಾಯುವಿಕೆಯ ಹಿಂದೆ ಎಂಥ ಭೌತಶಾಸ್ತ್ರವಿತ್ತು, ಆ ಶಾಸ್ತ್ರ ಎಲ್ಲಿಗೆ ಬಂದು ನಿಂತುಬಿಡುತ್ತಿತ್ತು ಎಂಬುದನ್ನು ಸಿಂಗಪುರದ ದಳದ ನಿದರ್ಶನದಿಂದ ತಿಳಿಯೋಣ.

ಎಂಬತ್ತು ಸೆಕೆಂಡುಗಳು

೧೯೬೩ರಲ್ಲಿ ಮಲೇಷ್ಯ ಒಕ್ಕೂಟ ಸ್ಥಾಪಿತವಾದಾಗ ಸುಕಾರ್ನೊ ಅವರ ನಾಯಕತ್ವದ ಇಂಡೊನೇಷ್ಯ ಅದನ್ನು ಒಪ್ಪಲಿಲ್ಲ. ಎರಡು ದೇಶಗಳ ನಡುವೆ ಘರ್ಷಣೆ ಬೆಳೆಯಿತು. ಆಗ ಸಿಂಗಪುರವೂ ಆ ಒಕ್ಕೂಟದ ಅಂಗವಾಗಿತ್ತು. ೧೯೬೪ರಲ್ಲಿ ಬ್ರಿಟಿಷ್ ವಾಯುಪಡೆಯ ೬೫ನೆಯ ದಳ ಸುಧಾರಿತ ಬ್ಲಡ್‌ಹೌಂಡ್‌ಗಳೊಡನೆ ಸಿಂಗಪುರದ ಸೆಲೆಟಾರ್ ನೆಲೆಯಲ್ಲಿ ಕಾವಲಿಗೆ ನಿಂತಿತು. ಮರುವರ್ಷ ೩೩ನೆಯ ದಳ ಮಲೇಷ್ಯದ ಬಟರ್‌ವರ್ತಿನಲ್ಲಿ ನೆಲೆಗೊಂಡಿತು.

ನಕಾಶೆಯನ್ನು ಬಿಡಿಸಿ ನೋಡಿದರೆ ಕಾವಲುಗಾರರ ಕಷ್ಟ ಅರ್ಥವಾಗುತ್ತದೆ. ಸಿಂಗಪುರದ ಕರಾವಳಿಗೂ ಇಂಡೊನೇಷ್ಯದ ಬಾಟಮ್ ದ್ವೀಪಕ್ಕೂ ಇರುವ ಅಂತರ ಸುಮಾರು ೨೦ ಕಿಲೋಮೀಟರ್. ಸೆಕೆಂಡಿಗೆ ೨೫೦ ಮೀಟರ್ ವೇಗದ ಜೆಟ್ ವಿಮಾನ ಈ ಅಂತರವನ್ನು ೮೦ ಸೆಕೆಂಡುಗಳಲ್ಲಿ ದಾಟಬಲ್ಲದು. ಅಷ್ಟರೊಳಗೆ ಅದನ್ನು ಕಾಣಬೇಕು, ಗುರುತಿಸಬೇಕು, ನಿರ್ಧರಿಸಬೇಕು. ಯಂತ್ರವೆಲ್ಲ ಸದಾ ಸಿದ್ಧವಾಗಿರದಿದ್ದರೆ ಇದು ಆಗುವ ಕೆಲಸವಲ್ಲ. ಸಿಂಗಪುರದ ಸೆಕೆ, ಮಳೆ, ತೇವಭರಿತ ಗಾಳಿ ಇವು ವಿದ್ಯುತ್ ಉಪಕರಣಗಳ ನಿತ್ಯವೈರಿಗಳು. ಆದ್ದರಿಂದ ವೈರಿಯ ವಿಮಾನ ಬಾರದ ದಿನವೂ ದಳದವರಿಗೆ ಬಿಡುವಿನ ದಿನವಾಗಿರಲಿಲ್ಲ.

ವೇಗವೇ ತಿದಿ

ಬ್ಲಡ್‌ಹೌಂಡಿನ ಒಡಲಿಗೆ ನಾಲ್ಕು ಘನ ಇಂಧನದ ರಾಕೆಟ್ಟುಗಳನ್ನು ಕಟ್ಟಲಾಗಿತ್ತು. ಅವು ಕೆಲವೇ ಸೆಕೆಂಡುಗಳಲ್ಲಿ ಅದನ್ನು ಶಬ್ದವೇಗದ ಇಮ್ಮಡಿಗೂ ಮೀರಿ ದೂಡಿ ಕಳಚಿ ಬೀಳುತ್ತಿದ್ದವು. ನಾಲ್ಕು ಸೆಕೆಂಡುಗಳೆಂದೇ ಇಟ್ಟುಕೊಂಡರೂ, ಸೊನ್ನೆಯಿಂದ ಸೆಕೆಂಡಿಗೆ ೬೮೦ ಮೀಟರ್ ವೇಗಕ್ಕೆ ಏರಲು ಬೇಕಾದ ವೇಗೋತ್ಕರ್ಷ ಗುರುತ್ವದ ಸುಮಾರು ಹದಿನೇಳು ಪಟ್ಟು!

ಆಮೇಲಿನ ಕೆಲಸ ಎರಡು ರ‍್ಯಾಮ್‌ಜೆಟ್‌ಗಳದು. ಕಮ್ಮಾರನ ಕುಲುಮೆಗೆ ತಿದಿಯೊತ್ತಿ ಗಾಳಿ ಕೊಡಬೇಕಷ್ಟೆ. ಸಾಮಾನ್ಯ ಜೆಟ್ ಎಂಜಿನ್ನಿನಲ್ಲಿ ತಿರುಗುವ ಚಕ್ರಗಳು ಈ ತಿದಿಯ ಕೆಲಸ ಮಾಡುತ್ತವೆ. ರ‍್ಯಾಮ್‌ಜೆಟ್‌ನಲ್ಲಾದರೋ ಗಾಳಿಯನ್ನು ಒತ್ತುವ ಚಕ್ರಗಳಿಲ್ಲ. ಕ್ಷಿಪಣಿಯ ವೇಗವೇ ತಿದಿ. ಎದುರಿನ ಗಾಳಿ ತಾನಾಗಿ ಒಳನುಗ್ಗಿ ಒತ್ತಡಕ್ಕೊಳಗಾಗುತ್ತದೆ, ಸೀಮೆಎಣ್ಣೆಯನ್ನು ಉರಿಸುತ್ತದೆ. ನಿಂತಲ್ಲಿ ಇದು ಬರಿಯ ಕೊಳವೆ. ಮೊದಲು ರಾಕೆಟ್ಟಿನ ನೂಕು ಏಕೆ ಬೇಕೆಂಬುದು ಈಗ ತಿಳಿಯಿತಲ್ಲವೆ? ನಮ್ಮ ‘ಆಕಾಶ್’ ಕ್ಷಿಪಣಿಯಲ್ಲಿಯೂ ಇದೇ ತತ್ತ್ವವಿದೆ. ವಾಯುಪಡೆಗಾಗಿ ಆ ವ್ಯವಸ್ಥೆಯನ್ನು ಸಜ್ಜುಗೊಳಿಸುವುದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ.

ಸ್ವರ ಬದಲಿಸುವ ಪ್ರತಿಧ್ವನಿ

ಬ್ಲಡ್‌ಹೌಂಡ್ ಎಂಬುದು ವಾಸನೆ ಹಿಡಿದು ಬೆನ್ನಟ್ಟುವ ಬೇಟೆನಾಯಿಯ ಹೆಸರು. ಕ್ಷಿಪಣಿಗೆ ವಾಸನೆಯ ಬದಲು ರೇಡಾರಿನ ಪ್ರತಿಧ್ವನಿ. ನೆಲದ ರೇಡಾರ್ ರೇಡಿಯೊ ಅಲೆಗಳ ಕಿರಣವನ್ನು ವಿಮಾನದ ಮೇಲೆ ಚೆಲ್ಲುತ್ತದೆ. ಚೆದರಿದ ಅಲೆಗಳನ್ನು ಕ್ಷಿಪಣಿಯ ಮೂತಿಯಲ್ಲಿರುವ ಗ್ರಾಹಕ ಹಿಡಿದು ಆ ದಿಕ್ಕಿಗೆ ತಿರುಗುತ್ತದೆ. ಕತ್ತಲಲ್ಲಿ ಒಬ್ಬನು ದೀಪ ಹಿಡಿದಿರಲು ಮತ್ತೊಬ್ಬನು ಆ ಬೆಳಕಿನಲ್ಲಿ ಕಂಡುದರ ಬೆನ್ನಟ್ಟಿದಂತೆ ಇದು.

ಆದರೆ ಬೆಟ್ಟ, ಕಡಲಿನ ತೆರೆ, ಮಳೆಹನಿಗಳೂ ಪ್ರತಿಧ್ವನಿ ಕೊಡುತ್ತವೆ. ಇವುಗಳ ಗದ್ದಲದಲ್ಲಿ ವಿಮಾನವನ್ನು ಆಯ್ದು ತೆಗೆಯುವುದು ಹೇಗೆ? ಇಲ್ಲಿ ನೆರವಿಗೆ ಬಂದುದು ಡಾಪ್ಲರ್ ಪರಿಣಾಮ. ಹತ್ತಿರ ಬರುವ ರೈಲಿನ ಶಿಳ್ಳು ತಾರಕದಲ್ಲಿಯೂ ದೂರ ಸರಿಯುವಾಗ ಮಂದ್ರದಲ್ಲಿಯೂ ಕೇಳುವುದನ್ನು ಎಲ್ಲರೂ ಬಲ್ಲರು. ಸುಧಾರಿತ ಬ್ಲಡ್‌ಹೌಂಡಿನ ರೇಡಾರ್ ತುಂಡುತುಂಡಾದ ಸ್ಪಂದನಗಳನ್ನು ಬಿಟ್ಟು ಎಡೆಬಿಡದ ಅಲೆಯನ್ನು ಕಳುಹಿಸಿ, ಹಿಂದಿರುಗಿದ ಅಲೆಯ ಆವೃತ್ತಿ ಎಷ್ಟು ಬದಲಾಗಿದೆ ಎಂದು ನೋಡುತ್ತಿತ್ತು.

ಲೆಕ್ಕಕ್ಕಾಗಿ, ಸೆಕೆಂಡಿಗೆ ಸಾವಿರ ಕೋಟಿ ಅಲೆಗಳ ರೇಡಾರನ್ನು ತೆಗೆದುಕೊಳ್ಳಿ. ಸೆಕೆಂಡಿಗೆ ೨೫೦ ಮೀಟರ್ ವೇಗದಿಂದ ಎದುರಾಗಿ ಬರುವ ವಿಮಾನದ ಪ್ರತಿಧ್ವನಿಯಲ್ಲಿ ಸುಮಾರು ೧೬,೭೦೦ ಅಲೆಗಳು ಹೆಚ್ಚಾಗುತ್ತವೆ. ಇದು ಮೂಲದ ಆರು ಲಕ್ಷದಲ್ಲಿ ಒಂದು ಪಾಲು ಮಾತ್ರ. ಆದರೂ ವಿದ್ಯುನ್ಮಂಡಲಗಳಿಗೆ ಇಷ್ಟು ಸಾಕು. ನಿಂತ ಬೆಟ್ಟದ ಪ್ರತಿಧ್ವನಿಯಲ್ಲಿ ಬದಲಾವಣೆ ಸೊನ್ನೆ, ಮಳೆಯದು ಅತ್ಯಲ್ಪ. ಜರಡಿ ಹಿಡಿದಂತೆ ವಿಮಾನ ಬೇರೆಯಾಗಿ ಉಳಿಯುತ್ತದೆ.

ಈ ಲೆಕ್ಕಗಳಿಗಾಗಿ ಫೆರಾಂಟಿ ಸಂಸ್ಥೆಯ ‘ಆರ್ಗಸ್’ ಎಂಬ ಗಣಕಯಂತ್ರವಿತ್ತು. ಅದೇ ವಂಶದ ಇನ್ನೊಂದು ಗಣಕ ೧೯೬೪ರಲ್ಲಿ ಇಂಗ್ಲೆಂಡಿನ ಜಾಡ್ರೆಲ್ ಬ್ಯಾಂಕ್ ವೀಕ್ಷಣಾಲಯದ ಹೊಸ ರೇಡಿಯೊ ದೂರದರ್ಶಕವನ್ನು ನಕ್ಷತ್ರಗಳತ್ತ ತಿರುಗಿಸತೊಡಗಿತು. ಒಂದೇ ವಿದ್ಯೆ, ಒಂದು ಕಡೆ ವಿಮಾನದ ಬೆನ್ನು, ಇನ್ನೊಂದು ಕಡೆ ತಾರೆಯ ಬೆನ್ನು.

ಯಂತ್ರ ಹೇಳಲಾರದ ಮಾತು

ವಿಮಾನವಿರುವ ದಿಕ್ಕು, ದೂರ, ವೇಗ ಇಷ್ಟನ್ನು ರೇಡಾರ್ ಹೇಳಬಲ್ಲದು. ಬರುತ್ತಿರುವವರು ಯಾರು, ಯಾವ ಉದ್ದೇಶದಿಂದ ಬರುತ್ತಿದ್ದಾರೆ ಎಂಬುದು ಡಾಪ್ಲರ್ ಸೂತ್ರದಲ್ಲಿಲ್ಲ. ಸೆಲೆಟಾರ್ ನೆಲೆಯಿರುವ ಆ ಪುಟ್ಟ ದ್ವೀಪದಲ್ಲಿಯೇ ಪಾಯಾ ಲೇಬಾರ್ ನಾಗರಿಕ ವಿಮಾನನಿಲ್ದಾಣವಿತ್ತು. ಹೆಂಡಿರು ಮಕ್ಕಳೊಡನೆ ಪಯಣಿಸುವವರ ವಿಮಾನಗಳು, ಸ್ವಪಕ್ಷದ ಯುದ್ಧವಿಮಾನಗಳು ಎಲ್ಲವೂ ಅದೇ ಆಕಾಶದಲ್ಲಿ ಹಾರುತ್ತಿದ್ದವು. ಸಂಕೇತದ ಮೂಲಕ ಪ್ರಶ್ನೆ ಕೇಳಿ ಮಿತ್ರನ ಉತ್ತರ ಪಡೆಯುವ ಉಪಕರಣವುಂಟು, ನಿಜ. ಆದರೆ ಉತ್ತರ ಬಾರದಿದ್ದ ಮಾತ್ರಕ್ಕೆ ಬಂದವನು ಶತ್ರುವೆಂದು ಸಿದ್ಧವಾಗುವುದಿಲ್ಲ.

ಇದು ಬರಿಯ ತರ್ಕದ ಮಾತಲ್ಲ. ೧೯೮೮ರಲ್ಲಿ ಅಮೆರಿಕದ ‘ವಿನ್ಸೆನ್ಸ್’ ಯುದ್ಧನೌಕೆ ಇರಾನಿನ ಪ್ರಯಾಣಿಕ ವಿಮಾನವನ್ನು ಯುದ್ಧವಿಮಾನವೆಂದು ಬಗೆದು ಹೊಡೆದುರುಳಿಸಿತು. ೨೯೦ ಮಂದಿ ಸತ್ತರು. ೨೦೨೦ರಲ್ಲಿ ಟೆಹರಾನಿನ ಬಳಿ ಇರಾನಿನ ಕ್ಷಿಪಣಿಗಳಿಗೆ ಉಕ್ರೇನಿನ ವಿಮಾನ ಬಲಿಯಾಯಿತು, ಸತ್ತವರು ೧೭೬. ಎರಡು ಸಂದರ್ಭಗಳಲ್ಲಿಯೂ ಕ್ಷಿಪಣಿ ಗುರಿ ತಪ್ಪಲಿಲ್ಲ. ತಪ್ಪಿದ್ದು ಮನುಷ್ಯರ ನಿರ್ಣಯ.

ಸಿಂಗಪುರದ ದಳಕ್ಕೆ ಅಂಥ ದಿನ ಬರಲಿಲ್ಲ. ೧೯೬೬ರಲ್ಲಿ ಇಂಡೊನೇಷ್ಯ ಮತ್ತು ಮಲೇಷ್ಯಗಳು ಒಪ್ಪಂದಕ್ಕೆ ಬಂದವು. ೧೯೭೦ರಲ್ಲಿ ೬೫ನೆಯ ದಳ ವಿಸರ್ಜಿತವಾಗಿ, ಅದರ ಕ್ಷಿಪಣಿಗಳು ಸ್ವತಂತ್ರ ಸಿಂಗಪುರದ ಪಡೆಗೆ ಸೇರಿದವು. ಅಲ್ಲಿಯೂ ಸುಮಾರು ಇಪ್ಪತ್ತು ವರ್ಷ ಕಾವಲಿನಲ್ಲಿದ್ದವು.

ಬ್ಲಡ್‌ಹೌಂಡ್ ಎಂದೋ ಹಳತಾಯಿತು. ಇಂದಿನ ಗಣಕಗಳು ಅದರ ಆರ್ಗಸ್ಸಿಗಿಂತ ಎಷ್ಟೋ ಪಾಲು ಶೀಘ್ರವಾಗಿ ಲೆಕ್ಕ ಹಾಕುತ್ತವೆ. ನಿರ್ಣಯವನ್ನೂ ಅವುಗಳಿಗೇ ಒಪ್ಪಿಸಬಹುದೆ ಎಂಬ ಚರ್ಚೆ ನಡೆದಿದೆ. ನಾಳೆ ಅಂಥ ಯಂತ್ರಗಳನ್ನು ರಚಿಸುವವರು ಇಂದಿನ ವಿದ್ಯಾರ್ಥಿಗಳೇ ಅಲ್ಲವೆ? ಆರು ಲಕ್ಷದಲ್ಲಿ ಒಂದು ಪಾಲನ್ನು ಅಳೆಯುವ ವಿದ್ಯೆಯನ್ನು ಅವರು ಕಲಿಯಲಿ. ಅದರೊಡನೆ, ಆ ಅಳತೆಯಲ್ಲಿ ಯಾವುದು ಸಿಕ್ಕುವುದಿಲ್ಲ ಎಂಬುದನ್ನೂ ಅರಿತಿರಲಿ.